ತಣ್ಣನೆಯ ಕಡಲಲ್ಲಿ ನಿಂತು ಗಾಳ ಹಾಕುವವರಿಗೆ: ವೆಟ್‌ಸೂಟೋ, ವೇಡರ್ಸೋ?

ಬಳ್ಳಾರಿಯಲ್ಲಿ ನನ್ನ ಬಳಿ ಈಜು ಮತ್ತು ಜಲರಕ್ಷಣೆ ಕಲಿತು ಹೋದ ಕೆಲವರು ಈಗ ಬಾಸ್ಟನ್ ಕಡೆ, ಸ್ಕಾಟ್ಲೆಂಡ್ ಕಡೆ ಉದ್ಯೋಗದಲ್ಲಿದ್ದಾರೆ. ದಂಡೆಗೆ ಬಡಿಯುವ ಅಲೆಗಳ ನಡುವೆ ನಿಂತು ಗಾಳ ಎಸೆಯುವ ಹವ್ಯಾಸ ಹತ್ತಿದ ಮೇಲೆ ಅವರು ಕೇಳುವ ಪ್ರಶ್ನೆ ಒಂದೇ: ಮೈಗಂಟುವ ವೆಟ್‌ಸೂಟ್ ಕೊಳ್ಳಬೇಕೋ, ಕಾಲಿನಿಂದ ಎದೆಯವರೆಗೆ ಬರುವ, ನೀರನ್ನು ಒಳಬಿಡದ ಸಡಿಲ ಉಡುಪಾದ ವೇಡರ್ಸ್ ಕೊಳ್ಳಬೇಕೋ? ಅಂಗಡಿಯವರು ಎಷ್ಟು ಹೊತ್ತು ಮೈ ಒಣಗಿರುತ್ತದೆ ಎಂಬ ಲೆಕ್ಕದಲ್ಲಿ ಉತ್ತರ ಹೇಳುತ್ತಾರೆ. ಅಲೆ ಬಡಿದು ಬಿದ್ದ ಮೊದಲ ಎರಡು ನಿಮಿಷಗಳಲ್ಲಿ ಆ ಉಡುಪು ನಿಮಗೆ ಆಸರೆಯಾಗುತ್ತದೋ ಅಡ್ಡಿಯಾಗುತ್ತದೋ ಎಂಬುದನ್ನೇ ಮೊದಲು ನೋಡಬೇಕೆಂಬುದು ನನ್ನ ಅಭಿಪ್ರಾಯ.

ತೋಟದ ಬಾವಿಯಲ್ಲಿ, ತುಂಗಭದ್ರೆಯ ಮಡುವಿನಲ್ಲಿ ಈಜು ಕಲಿತ ನಮ್ಮವರಿಗೆ ನೀರಿನ ಭಯ ಕಡಿಮೆ. ಅಪಾಯ ಇರುವುದೂ ಅಲ್ಲಿಯೇ. ಪಟ್ಟೆ ಬಾಸ್ ಮೀನು ವಲಸೆ ಬರುವ ಮೇ ತಿಂಗಳಲ್ಲಿ, ಅಂದರೆ ಬಳ್ಳಾರಿ ಕಾದ ಹೆಂಚಾಗಿರುವ ಹೊತ್ತಿನಲ್ಲಿ, ಬಾಸ್ಟನ್ ಸುತ್ತಲಿನ ಕಡಲ ನೀರು 10–12 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿರುತ್ತದೆ. ಗಾಳಿಗಿಂತ ಸುಮಾರು 25 ಪಟ್ಟು ವೇಗವಾಗಿ ಶಾಖವನ್ನು ಸಾಗಿಸುವ ನೀರು ಅಷ್ಟು ತಣ್ಣಗಿದ್ದು ಎದೆ, ಬೆನ್ನುಗಳಿಗೆ ಒಮ್ಮೆಲೇ ತಗುಲಿದಾಗ ಮನುಷ್ಯ ಬೇಡವೆಂದರೂ ಬಾಯಿ ತೆರೆದು ಉಸಿರೆಳೆಯುತ್ತಾನೆ, ಅನಂತರ ಒಂದೆರಡು ನಿಮಿಷ ಏದುಸಿರು ಹತೋಟಿಗೆ ಬರುವುದಿಲ್ಲ, ನಾಡಿಬಡಿತವೂ ರಕ್ತದೊತ್ತಡವೂ ಏರುತ್ತವೆ. ಆ ಮೊದಲ ಉಸಿರು ನೀರಿನೊಳಗೆ ಆದರೆ ಈಜು ಬಲ್ಲವನೂ ಮುಳುಗುತ್ತಾನೆ. ಅದನ್ನು ದಾಟಿದವನ ಕೈಬೆರಳುಗಳು ಹತ್ತು ಹದಿನೈದು ನಿಮಿಷಗಳಲ್ಲಿ ಹಿಡಿತ ಕಳೆದುಕೊಳ್ಳುತ್ತವೆ. ಎಲ್ಲರೂ ಹೆದರುವ ಹೈಪೋಥರ್ಮಿಯಾಕ್ಕೆ, ದೇಹದ ಒಳಗಿನ ಉಷ್ಣತೆ ಕುಸಿಯುವ ಆ ಸ್ಥಿತಿಗೆ, ಸಾಮಾನ್ಯವಾಗಿ ಅರ್ಧ ಗಂಟೆಯಾದರೂ ಬೇಕು. ಬಹಳ ಮಂದಿ ಅಲ್ಲಿಯವರೆಗೆ ಉಳಿದಿರುವುದೇ ಇಲ್ಲ. ಆದ್ದರಿಂದಲೇ ಬ್ರಿಟನ್ನಿನ ಜೀವರಕ್ಷಕ ಸಂಸ್ಥೆ ಆರ್‌ಎನ್‌ಎಲ್‌ಐ, ಬಿದ್ದ ಕೂಡಲೇ ಈಜದೆ ತಲೆಯನ್ನು ಹಿಂದಕ್ಕೆ ವಾಲಿಸಿ, ಉಸಿರು ಸ್ಥಿಮಿತಕ್ಕೆ ಬರುವ ತನಕ ತೇಲಿರಿ ಎಂದು ಹೇಳಿಕೊಡುತ್ತದೆ.

ಈಗ ವೇಡರ್ಸ್ ವಿಷಯಕ್ಕೆ ಬರೋಣ. ಅದರಲ್ಲಿ ನೀರು ತುಂಬಿದರೆ ಕಲ್ಲು ಕಟ್ಟಿದಂತೆ ತಳಕ್ಕೆ ಎಳೆಯುತ್ತದೆ ಎಂಬ ಮಾತು ಪ್ರಚಾರದಲ್ಲಿದೆ, ಅದು ಸರಿಯಲ್ಲ. ಬಾವಿಯಲ್ಲಿ ನೀರು ಸೇದಿದವರಿಗೆ ಗೊತ್ತು, ತುಂಬಿದ ಕೊಡ ನೀರೊಳಗಿರುವವರೆಗೆ ಹಗುರ, ಮೇಲೆದ್ದ ಕ್ಷಣದಿಂದ ಭಾರ. ವೇಡರ್ಸ್‌ನೊಳಗಿನ ನೀರೂ ಹಾಗೆಯೇ. ನಿಜವಾದ ಕಷ್ಟ ಎದ್ದು ನಿಲ್ಲುವಾಗ, ಬಂಡೆ ಹತ್ತುವಾಗ, ಮುಂದಿನ ಅಲೆ ಬರುವುದರೊಳಗೆ ಎರಡು ಹೆಜ್ಜೆ ಹಿಂದೆ ಸರಿಯಬೇಕಾದಾಗ. ಜೊತೆಗೆ ಕಾಲುಗಳಲ್ಲಿ ಸಿಕ್ಕಿಕೊಂಡ ಗಾಳಿ ಪಾದಗಳನ್ನು ಮೇಲಕ್ಕೆತ್ತುವುದರಿಂದ ಸಮತೋಲನವೂ ತಪ್ಪುತ್ತದೆ. ಇದಕ್ಕೆ ಬಿಗಿಯಾದ ಸೊಂಟಪಟ್ಟಿಯೇ ಅರ್ಧ ಪರಿಹಾರ: ಅದು ನೀರು ನುಗ್ಗುವುದನ್ನು ಪೂರ್ತಿ ತಡೆಯದಿದ್ದರೂ ನಿಧಾನಗೊಳಿಸುತ್ತದೆ. ಪಟ್ಟಿಯಿಲ್ಲದೆ ವೇಡರ್ಸ್ ತೊಟ್ಟು ಅಲೆಗಿಳಿಯುವುದನ್ನು ನಾನು ಯಾರಿಗೂ ಒಪ್ಪಿಗೆ ಕೊಡಲಾರೆ. ಇನ್ನು ಹಗುರವಾದ, ಬೆವರನ್ನು ಹೊರಬಿಡುವ ಬಗೆಯ ವೇಡರ್ಸ್ ತಾನಾಗಿ ಬೆಚ್ಚಗಿಡುವುದಿಲ್ಲ. ಒಳಗೆ ಉಣ್ಣೆ ಅಥವಾ ಫ್ಲೀಸ್ ಬಟ್ಟೆ ಇರಲೇಬೇಕು. ಹತ್ತಿಯ ಬಟ್ಟೆ ಬೇಡ, ನೆನೆದರೆ ಅದು ಶಾಖವನ್ನು ಹಿಡಿದಿಡಲಾರದು.

ವೆಟ್‌ಸೂಟಿನ ತರ್ಕವೇ ಬೇರೆ. 1950ರ ದಶಕದ ಆರಂಭದಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಭೌತವಿಜ್ಞಾನಿ ಹ್ಯೂ ಬ್ರಾಡ್ನರ್ ಇದನ್ನು ರೂಪಿಸಿದಾಗ, ಬೆಚ್ಚಗಿರಲು ಒಣಗಿರಬೇಕಾಗಿಲ್ಲ ಎಂದು ಕಂಡುಕೊಂಡದ್ದೇ ಅವರ ಮುಖ್ಯ ಹೊಳಹು. ನಿಯೋಪ್ರೀನ್ ರಬ್ಬರಿನೊಳಗಿನ ಸಣ್ಣ ಅನಿಲ ಗುಳ್ಳೆಗಳು ಶಾಖವನ್ನು ತಡೆಯುತ್ತವೆ, ಅವೇ ಗುಳ್ಳೆಗಳು ತೊಟ್ಟವನನ್ನು ತೇಲಲೂ ನೆರವಾಗುತ್ತವೆ. ಒಳಹೊಕ್ಕ ತೆಳು ನೀರಿನ ಪದರ ಮೈಶಾಖಕ್ಕೆ ಬೆಚ್ಚಗಾಗಿ ಅಲ್ಲೇ ಉಳಿಯಬೇಕು, ಹಾಗಾಗಿ ಅಳತೆ ಎಲ್ಲಕ್ಕಿಂತ ಮುಖ್ಯ. ಕತ್ತು, ಕಂಕುಳು, ಸೊಂಟದ ಹಿಂಭಾಗಗಳಲ್ಲಿ ಸಡಿಲವಿದ್ದರೆ ಪ್ರತಿ ಅಲೆಯೂ ತಣ್ಣೀರನ್ನು ಹೊಸದಾಗಿ ತುಂಬಿಸುತ್ತದೆ. 4/3 ಎಂದು ಬರೆದಿದ್ದರೆ ಮುಂಡದ ಭಾಗ 4 ಮಿಲಿಮೀಟರ್, ಕೈಕಾಲುಗಳ ಭಾಗ 3 ಮಿಲಿಮೀಟರ್ ದಪ್ಪವೆಂದು ಅರ್ಥ. 12ರಿಂದ 16 ಡಿಗ್ರಿಯ ನೀರಿಗೆ ಅದು ಸಾಮಾನ್ಯವಾಗಿ ಸಾಕು. ಅದಕ್ಕಿಂತ ತಣ್ಣಗಿದ್ದರೆ 5/4, ಜೊತೆಗೆ ತಲೆಗವಸು ಮತ್ತು ಬೂಟು. ಹೊಲಿಗೆಯ ಸಂದುಗಳಿಗೆ ಅಂಟು ಹಾಕಿರುವುದನ್ನೇ ಆರಿಸಬೇಕು. ಒಂದು ಕೊರತೆಯನ್ನೂ ಹೇಳಬೇಕು. ಸರ್ಫ್ ಸವಾರರು ಸದಾ ಚಲಿಸುತ್ತಿರುತ್ತಾರೆ, ಗಾಳ ಹಿಡಿದವನು ಗಂಟೆಗಟ್ಟಲೆ ಗಾಳಿಗೆ ಒಡ್ಡಿಕೊಂಡು ನಿಲ್ಲುತ್ತಾನೆ. ಒದ್ದೆ ಹೊರಮೈಯಿಂದ ನೀರು ಆವಿಯಾಗುತ್ತ ಮೈಯನ್ನು ತಣಿಸುವುದರಿಂದ ಮೇಲೊಂದು ಗಾಳಿತಡೆ ಅಂಗಿ ಅಗತ್ಯ.

ಹೀಗಾಗಿ ಇಳಿಜಾರು ಕಡಿಮೆಯಿರುವ ಮರಳು ದಂಡೆ, ಸಣ್ಣ ಅಲೆ, ಮೊಣಕಾಲಿನವರೆಗಿನ ನೀರು ಎಂದಾದರೆ ಪಟ್ಟಿ ಬಿಗಿದ ವೇಡರ್ಸ್ ನನ್ನ ಆಯ್ಕೆ. ಸೊಂಟ ದಾಟುವ ನೀರಿಗೆ, ರಾತ್ರಿಯ ಮೀನುಗಾರಿಕೆಗೆ, ಅಮೆರಿಕದ ಮಾಂಟಾಕ್‌ನಂತೆ ಬಂಡೆಯಿಂದ ಬಂಡೆಗೆ ಹೋಗಿ ನಿಲ್ಲುವ ಕಡೆಗಳಿಗೆ ವೆಟ್‌ಸೂಟ್ ಬಿಟ್ಟು ಬೇರೆ ಮಾತಿಲ್ಲ. ಪಾಚಿಗಟ್ಟಿದ ಕಲ್ಲಿದ್ದಲ್ಲಿ ಎರಡಕ್ಕೂ ಮೊಳೆ ಅಟ್ಟೆಯ ಬೂಟು ಬೇಕು. ಯಾವುದನ್ನೇ ಕೊಂಡರೂ ಒಮ್ಮೆ ಈಜುಕೊಳದಲ್ಲಿ, ಪಕ್ಕದಲ್ಲಿ ಬಲ್ಲವರನ್ನು ನಿಲ್ಲಿಸಿಕೊಂಡು, ಅದನ್ನು ತೊಟ್ಟೇ ಬಿದ್ದು ಎದ್ದು ನೋಡಿ. ವೆಟ್‌ಸೂಟ್ ತೇಲಿಸಿದರೂ ಅದು ಲೈಫ್ ಜಾಕೆಟ್ ಅಲ್ಲ ಎಂಬುದೂ ಅಲ್ಲಿ ತಿಳಿಯುತ್ತದೆ.

ಮುನಿರಾಬಾದ್ ಹಿನ್ನೀರಿನಲ್ಲಿ ಗಾಳ ಹಾಕುವವರೂ ಈಚೆಗೆ ವೇಡರ್ಸ್ ತರಿಸಿಕೊಳ್ಳಲೇ ಎಂದು ಕೇಳುತ್ತಿದ್ದಾರೆ. ಬೇಡ ಎನ್ನುತ್ತೇನೆ. ನಮ್ಮ ನೀರಿನ ಸಮಸ್ಯೆ ಚಳಿಯಲ್ಲ, ಕೆಸರು: 133 ಟಿಎಂಸಿ ಸಾಮರ್ಥ್ಯದಿಂದ ಆರಂಭವಾದ ತುಂಗಭದ್ರಾ ಜಲಾಶಯ ಹೂಳಿನಿಂದಾಗಿ ಸುಮಾರು 105 ಟಿಎಂಸಿಗೆ ಇಳಿದಿದೆ, ಆ ಹೂಳಿನಲ್ಲಿ ವೇಡರ್ಸ್ ತೊಟ್ಟ ಕಾಲು ಹೂತರೆ ಕಿತ್ತುಕೊಳ್ಳುವುದು ಬರಿಗಾಲಿಗಿಂತ ಕಷ್ಟ. ರಾಯಚೂರಿನ ಕಡೆ ಕೃಷ್ಣೆಯಲ್ಲಂತೂ ಮೊಸಳೆಗಳಿರುವುದರಿಂದ ನೀರಿಗಿಳಿಯುವ ಮಾತೇ ಬೇಡ, ದಡದಿಂದ ದೂರವೇ ನಿಂತು ಎಸೆಯಿರಿ. ವೇಡರ್ಸ್‌ಗೆ ಇಟ್ಟ ಹಣದಲ್ಲಿ ನಿಮ್ಮ ತೂಕಕ್ಕೆ ತಕ್ಕ, ತೊಡೆಸಂದಿನ ಪಟ್ಟಿಯಿರುವ ಲೈಫ್ ಜಾಕೆಟ್ ಕೊಂಡು, ಹರಿಗೋಲು ಹತ್ತುವ ಮೊದಲೇ ಅದರ ಪಟ್ಟಿಗಳನ್ನೆಲ್ಲ ಬಿಗಿದುಕೊಳ್ಳಿ.