51 ಗೋಲು, ಎಲ್ಲಾ ಮಕಾವ್ ಮೇಲೇನಾ?

ಪ್ರಶ್ನೆ: ವಿಯೆಟ್ನಾಂನ ಲೇ ಕೊಂಗ್ ವಿನ್ ದೇಶಕ್ಕಾಗಿ 51 ಗೋಲು ಹೊಡೆದಿದ್ದಾರಂತೆ. ಎಲ್ಲಾ ಸಣ್ಣಪುಟ್ಟ ತಂಡಗಳ ಮೇಲೆ ತಾನೇ?

ಉತ್ತರ: ಮತ್ತೆ ಬಂತು! ಆಗ್ನೇಯ ಏಷ್ಯಾದ ಫುಟ್‌ಬಾಲ್ ಬಗ್ಗೆ ಏನೇ ಬರೆದರೂ ಯಾರಾದರೊಬ್ಬರು ಇದನ್ನು ಕೇಳಿಯೇ ಕೇಳುತ್ತಾರೆ. ಈ ಸಲ ಉದ್ದಕ್ಕೇ ಬರೆದುಬಿಡುತ್ತೇನೆ. ಮುಂದೆ ಕೇಳಿದವರಿಗೆ ಇದನ್ನೇ ತೋರಿಸಿದರಾಯ್ತು.

ಮೊದಲು ಲೆಕ್ಕ. ವಿನ್ ಹುಟ್ಟಿದ್ದು 1985ರಲ್ಲಿ, ನ್ಗೆ ಆನ್ ಪ್ರಾಂತ್ಯದಲ್ಲಿ. ದೇಶಕ್ಕೆ 83 ಪಂದ್ಯ, 51 ಗೋಲು. ವಿಯೆಟ್ನಾಂನ ವರ್ಷದ ಶ್ರೇಷ್ಠ ಆಟಗಾರನಿಗೆ ಕೊಡುವ ಗೋಲ್ಡನ್ ಬಾಲ್ ಮೂರು ಸಲ ಸಿಕ್ಕಿತು: 2004, 2006, 2007. ಆಗ್ನೇಯ ಏಷ್ಯಾ ದೇಶಗಳ ಟೂರ್ನಿಯಾದ ಎಎಫ್ಎಫ್ ಕಪ್‌ನ 2016ರ ಸೆಮಿಫೈನಲ್‌ನಲ್ಲಿ ಇಂಡೋನೇಷ್ಯಾ ಎದುರು ಸೋತ ಮೇಲೆ ಬೂಟು ಕಳಚಿದರು.

ಈಗ ಮಕಾವ್ ಕಥೆ. ಸಣ್ಣ ತಂಡ ಅಂದಾಗ ಎಲ್ಲರೂ ಎತ್ತುವುದು ಚೀನಾದ ಈ ಪುಟ್ಟ ಪ್ರದೇಶದ ಹೆಸರನ್ನೇ. 2011ರಲ್ಲಿ ವಿಶ್ವಕಪ್ ಅರ್ಹತಾ ಸುತ್ತಿನಲ್ಲಿ ವಿಯೆಟ್ನಾಂ ಆ ತಂಡವನ್ನು 6-0, 7-1 ಅಂತ ಹಿಂಡಿಹಾಕಿತು. ಅದರಲ್ಲಿ ವಿನ್ ಪಾಲು ಜಾಸ್ತಿಯೇ ಇತ್ತು. ಒಪ್ಪಿದೆ. ಆದರೆ ಇದೊಂದನ್ನೇ ಹಿಡಿದು ನೇತಾಡುವವರು 2007ರ ಏಷ್ಯನ್ ಕಪ್ ನೋಡಿಲ್ಲ. ಹನೋಯ್‌ನಲ್ಲಿ ವಿಯೆಟ್ನಾಂ ಯುಎಇಯನ್ನು 2-0ಯಿಂದ ಸೋಲಿಸಿತು, ಎರಡನೇ ಗೋಲು ವಿನ್ ಅವರದ್ದು. ಆ ಯುಎಇ ಅದೇ ವರ್ಷ ಗಲ್ಫ್ ಕಪ್ ಗೆದ್ದ ತಂಡ. ವಿಯೆಟ್ನಾಂ ಕ್ವಾರ್ಟರ್ ಫೈನಲ್‌ವರೆಗೂ ಹೋಯಿತು, ಸೋತಿದ್ದು ಕೊನೆಗೆ ಕಪ್ ಎತ್ತಿದ ಇರಾಕ್‌ಗೆ.

ಇನ್ನು 2008ರ ಎಎಫ್ಎಫ್ ಕಪ್ ಫೈನಲ್, ಎರಡು ಪಂದ್ಯಗಳದ್ದು. ಎದುರಾಳಿ ಥಾಯ್ಲೆಂಡ್. ಬ್ಯಾಂಕಾಕ್‌ನಲ್ಲಿ ವಿಯೆಟ್ನಾಂ 2-1ರಿಂದ ಗೆದ್ದಾಗ ಒಂದು ಗೋಲು ವಿನ್ ಅವರದ್ದೇ. ಡಿಸೆಂಬರ್ 28ಕ್ಕೆ ಹನೋಯ್‌ನ ಮಿ ದಿನ್ ಸ್ಟೇಡಿಯಂ. ಥಾಯ್ಲೆಂಡ್ 1-0 ಮುಂದೆ, ಎರಡೂ ಪಂದ್ಯದ ಗೋಲು ಕೂಡಿದರೆ 2-2. ತೊಂಬತ್ತು ನಿಮಿಷ ಮುಗಿದು ಇಂಜುರಿ ಟೈಮ್ ಓಡುತ್ತಿದೆ. ವಿಯೆಟ್ನಾಂನ ಮಿನ್ ಫುವೊಂಗ್ ಫ್ರೀ ಕಿಕ್ ಎತ್ತಿ ಕಳಿಸಿದರು. ವಿನ್ ಗೋಲಿಗೆ ಬೆನ್ನು ಕೊಟ್ಟಂತೆಯೇ ಹಾರಿ, ಚೆಂಡನ್ನು ತಲೆಯಿಂದ ಸುಮ್ನೆ ಹಿಂದಕ್ಕೆ ಸವರಿದರು. ಗುದ್ದಲಿಲ್ಲ, ಸವರಿದ್ದು ಅಷ್ಟೇ. ಚೆಂಡು ಬಲೆಯೊಳಗೆ. ವಿಯೆಟ್ನಾಂಗೆ ಮೊದಲ ಎಎಫ್ಎಫ್ ಕಪ್. ಇದೂ ಚಿಲ್ಲರೆ ಗೋಲಾ?

ಅಷ್ಟಕ್ಕೂ ಸಣ್ಣ ತಂಡದ ಮೇಲೆ ಹೊಡೆಯದ ಸ್ಟ್ರೈಕರ್‌ನನ್ನು ಯಾರು ಇಟ್ಟುಕೊಳ್ಳುತ್ತಾರೆ? ಸುನಿಲ್ ಛೆಟ್ರಿ ಬಗ್ಗೆಯೂ ಜನ ಇದೇ ಹೇಳುತ್ತಿದ್ದರು: ನೇಪಾಳ, ಮಾಲ್ಡೀವ್ಸ್ ಮೇಲೆ ಹೊಡೆದದ್ದು ಅಂತ. ಕಂಠೀರವದಲ್ಲಿ ಕೂತು ಅವರ ಆಟ ನೋಡಿದವರಿಗೆ ಆ ಮಾತು ಎಷ್ಟು ಉರಿಸುತ್ತದೆ ಅಂತ ಗೊತ್ತು. ಅಂದಹಾಗೆ, 2010ರ ಅಕ್ಟೋಬರ್‌ನಲ್ಲಿ ಪುಣೆಯಲ್ಲಿ ಭಾರತ ಇದೇ ವಿಯೆಟ್ನಾಂ ಅನ್ನು 3-1ರಿಂದ ಸೋಲಿಸಿತ್ತು. ಮೂರೂ ಗೋಲು ಛೆಟ್ರಿಯವರದ್ದು.

ಛೆಟ್ರಿ ಹೆಸರು ಬಂದಮೇಲೆ ಇನ್ನೊಂದು ವಿಷಯ ಹೇಳದೆ ಇರಲಾರೆ, ಯಾರೂ ಕೇಳದಿದ್ದರೂ. ಇಬ್ಬರೂ ಪೋರ್ಚುಗಲ್‌ಗೆ ಹೋದವರು. ವಿನ್ 2009ರಲ್ಲಿ ಲೇಶೋಯಿಷ್ ಕ್ಲಬ್‌ಗೆ ಲೋನ್ ಮೇಲೆ, ಅಂದರೆ ತಾತ್ಕಾಲಿಕವಾಗಿ, ಛೆಟ್ರಿ 2012ರಲ್ಲಿ ಸ್ಪೋರ್ಟಿಂಗ್‌ನ ಬಿ ತಂಡಕ್ಕೆ. ಇಬ್ಬರಿಗೂ ಅಲ್ಲಿ ಆಡಲು ಸಿಕ್ಕಿದ್ದು ಬೆರಳೆಣಿಕೆಯ ಪಂದ್ಯ. ವಿನ್ 2013ರಲ್ಲಿ ಜಪಾನ್‌ನ ಸಪ್ಪೊರೊಗೂ ಹೋದರು. ಅದು ಎರಡನೇ ಡಿವಿಷನ್ ತಂಡ, ಆದರೆ ಅಲ್ಲಿ ಆಡಿದರು, ಗೋಲೂ ಹೊಡೆದರು. ಹಾಗಂತ ಹೊರದೇಶಕ್ಕೆ ಹೋದ ಮೊದಲ ವಿಯೆಟ್ನಾಮಿ ಆಟಗಾರ ಇವರೇ ಅಂತ ಬರೆಯಬೇಡಿ. ಲೇ ಹುಯ್ನ್ ದುಕ್ 2001ರಲ್ಲೇ ಚೀನಾದ ಚಾಂಗ್‌ಕಿಂಗ್‌ನಲ್ಲಿ ಆಡಿದ್ದರು.