ಖಾಲಿ ನಿಂತ ಟ್ಯಾಕ್ಸಿಯ ಲೆಕ್ಕ

ಟ್ಯಾಕ್ಸಿಗೆ ಕಾದು ಸುಸ್ತಾದವರು ಊರಿನಲ್ಲಿ ಟ್ಯಾಕ್ಸಿಗಳು ಸಾಲವು ಎನ್ನುತ್ತಾರೆ. ಬಾಡಿಗೆ ಸಿಗದೆ ಕುಳಿತ ಚಾಲಕರು ಟ್ಯಾಕ್ಸಿಗಳೇ ಅತಿಯಾದವು ಎನ್ನುತ್ತಾರೆ. ಎರಡು ದೂರುಗಳೂ ಒಂದೇ ಊರಿನಲ್ಲಿ, ಒಂದೇ ದಿನ ನಿಜವಾಗಿರಬಹುದು. ಅದು ಹೇಗೆಂದು ತಿಳಿಯಲು ಶಾಲೆಯಲ್ಲಿ ಕಲಿತ ಗಣಿತದಿಂದಲೇ ಶುರುಮಾಡಬಹುದು.

ಮೊದಲು ಒಂದು ಟ್ಯಾಕ್ಸಿ ನಿಲ್ದಾಣವನ್ನು ನೋಡೋಣ. ಅಲ್ಲಿ ಸಾಲುಗಟ್ಟಿರುವುದು ಟ್ಯಾಕ್ಸಿಗಳು, ಇಲ್ಲವೇ ಜನ. ಎರಡೂ ಸಾಲುಗಳು ಒಟ್ಟಿಗೆ ಇರುವುದಿಲ್ಲ. ಬ್ರಿಟನ್ನಿನ ಗಣಿತಜ್ಞ ಡೇವಿಡ್ ಕೆಂಡಲ್ ಸರದಿಗಳ ಕುರಿತ ತಮ್ಮ 1951ರ ಪ್ರಬಂಧದಲ್ಲಿ ಈ ಇಬ್ಬದಿಯ ಸಾಲನ್ನು ಚರ್ಚಿಸಿದ್ದರು. ಜನ ಮತ್ತು ಟ್ಯಾಕ್ಸಿ ಸರಾಸರಿ ಒಂದೇ ವೇಗದಲ್ಲಿ, ಆದರೆ ಗೊತ್ತುಗುರಿಯಿಲ್ಲದ ಹೊತ್ತಿನಲ್ಲಿ ಬರುತ್ತಿದ್ದರೆ ಏನಾಗುತ್ತದೆ? ಬೇಡಿಕೆ, ಪೂರೈಕೆ ಸಮವಾದ ಮೇಲೆ ಯಾರೂ ಹೆಚ್ಚು ಕಾಯಬೇಕಿಲ್ಲ ಎಂದು ತೋರುತ್ತದೆ. ಲೆಕ್ಕ ಹಾಗೆ ಹೇಳುವುದಿಲ್ಲ. ಸಾಲು ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ವಾಲುತ್ತ, ಕಾಲದ ವರ್ಗಮೂಲದಂತೆ ಹಿಗ್ಗುತ್ತ ಹೋಗುತ್ತದೆ: ನಾಲ್ಕು ಪಟ್ಟು ಹೊತ್ತು ಕಳೆದರೆ ಸಾಮಾನ್ಯವಾಗಿ ಎರಡು ಪಟ್ಟು ಉದ್ದ. ನಿಜ ಜೀವನದಲ್ಲಿ ಅದು ಅಷ್ಟು ಬೆಳೆಯದಿರುವುದು ಯಾರೋ ಒಬ್ಬರು ಬೇಸತ್ತು ಹೊರಟುಹೋಗುವುದರಿಂದ.

ಈಗ ಇಡೀ ಊರಿಗೆ ಬರೋಣ. ಪ್ರತಿ ಟ್ಯಾಕ್ಸಿಯೂ ಯಾವುದೇ ಗಳಿಗೆಯಲ್ಲಿ ಮೂರರಲ್ಲಿ ಒಂದು ಸ್ಥಿತಿಯಲ್ಲಿರುತ್ತದೆ. ಖಾಲಿ ಇರುತ್ತದೆ, ಕರೆದವರ ಬಳಿಗೆ ಹೋಗುತ್ತಿರುತ್ತದೆ, ಅಥವಾ ಅವರನ್ನು ಕೂರಿಸಿಕೊಂಡು ಓಡುತ್ತಿರುತ್ತದೆ. ಖಾಲಿ ವಾಹನಗಳು ಊರಿನ ಮೇಲೆ ಮನಬಂದಂತೆ ಚೆದುರಿದ್ದರೆ, ಅತಿ ಹತ್ತಿರದ ಟ್ಯಾಕ್ಸಿಗಿರುವ ಸರಾಸರಿ ನೇರ ದೂರ ಅವುಗಳ ಸಾಂದ್ರತೆಯ ವರ್ಗಮೂಲಕ್ಕೆ ವಿಲೋಮ ಅನುಪಾತದಲ್ಲಿರುತ್ತದೆ. ಚದರ ಕಿಲೋಮೀಟರಿಗೆ ಒಂದು ಖಾಲಿ ಟ್ಯಾಕ್ಸಿ ಇದ್ದರೆ ಈ ದೂರ ಅರ್ಧ ಕಿಲೋಮೀಟರ್, ನಾಲ್ಕಿದ್ದರೆ ಕಾಲು.

100 ಚದರ ಕಿಲೋಮೀಟರಿನ ಕಾಲ್ಪನಿಕ ಊರಿನಲ್ಲಿ 1,000 ಟ್ಯಾಕ್ಸಿಗಳಿವೆ ಎನ್ನಿ. ಒಂದು ಪ್ರಯಾಣಕ್ಕೆ 15 ನಿಮಿಷ. ರಸ್ತೆಯ ತಿರುವುಗಳನ್ನೆಲ್ಲ ಸೇರಿಸಿ ಒಂದು ಕಿಲೋಮೀಟರ್ ನೇರ ದೂರಕ್ಕೆ 4 ನಿಮಿಷ. 400 ಟ್ಯಾಕ್ಸಿಗಳು ಖಾಲಿ ಇದ್ದಾಗ ಕರೆದವರ ಬಳಿ ಬರಲು 1 ನಿಮಿಷ ಸಾಕು. ಉಳಿದ 600 ಟ್ಯಾಕ್ಸಿಗಳಿಗೆ ಪ್ರತಿ ಬಾಡಿಗೆಯೂ 16 ನಿಮಿಷದ್ದು. ಗಂಟೆಗೆ 2,250 ಪ್ರಯಾಣ. ಬೇಡಿಕೆ ಏರಿ ಖಾಲಿ ವಾಹನಗಳು 100ಕ್ಕೆ ಇಳಿದರೆ ಕಾಯುವುದು 2 ನಿಮಿಷ, ಪ್ರಯಾಣ ಸುಮಾರು 3,180. ಇಲ್ಲಿಯವರೆಗೆ ಎಲ್ಲವೂ ಸುಸೂತ್ರ.

ಆದರೆ 4 ಮಾತ್ರ ಖಾಲಿ ಉಳಿದಾಗ ನೋಡಿ. ಹತ್ತಿರದ ಟ್ಯಾಕ್ಸಿಯೇ ಎರಡೂವರೆ ಕಿಲೋಮೀಟರ್ ಆಚೆ; ಅದು ಬರಲು 10 ನಿಮಿಷ. ಈಗ ಪ್ರತಿ ಬಾಡಿಗೆಗೂ 25 ನಿಮಿಷ ಹಿಡಿಯುವುದರಿಂದ ಗಂಟೆಗೆ ಆಗುವುದು ಸುಮಾರು 2,390 ಪ್ರಯಾಣ. 400 ಟ್ಯಾಕ್ಸಿಗಳು ಸುಮ್ಮನೆ ನಿಂತಿದ್ದಾಗಲೂ ಹೆಚ್ಚುಕಡಿಮೆ ಇಷ್ಟೇ ಜನ ಸಾಗುತ್ತಿದ್ದರು! ಚಾಲಕರಲ್ಲಿ ಬಿಡುವಾಗಿರುವವರು ನಾಲ್ವರೇ, ಆದರೂ 100 ಟ್ಯಾಕ್ಸಿಗಳು ಖಾಲಿ ಇದ್ದಾಗಿನದಕ್ಕಿಂತ ಊರು ಕಡಿಮೆ ಕೆಲಸ ಮಾಡುತ್ತಿದೆ. ಚಾಲಕರ ಹೊತ್ತೆಲ್ಲ ದೂರದ ಕರೆಗಳನ್ನು ಬೆನ್ನಟ್ಟುವುದರಲ್ಲೇ ಸೋರಿಹೋಗುತ್ತದೆ. ಖಾಲಿ ಟ್ಯಾಕ್ಸಿಯನ್ನು ದಂಡವೆಂದು ಬಗೆಯುವ ಲೆಕ್ಕಿಗರು ಈ ಅಂಕಿಗಳನ್ನು ಒಮ್ಮೆ ಕೂಡಿ ನೋಡಬೇಕು.

ಇದಕ್ಕೆ ಮದ್ದು ಏನು? ದಟ್ಟಣೆಯ ಹೊತ್ತಿನಲ್ಲಿ ದರ ಏರಿಸಿ ಬೇಡಿಕೆ ತಗ್ಗಿಸುವುದು ಎಲ್ಲರಿಗೂ ಗೊತ್ತಿರುವ, ಯಾರಿಗೂ ಹಿಡಿಸದ ಉಪಾಯ. ಇನ್ನೊಂದು, ಇಂತಿಷ್ಟು ದೂರದಾಚೆಯ ಟ್ಯಾಕ್ಸಿಯನ್ನು ಕಳುಹಿಸುವುದೇ ಇಲ್ಲ ಎನ್ನುವುದು. ‘ಈಗ ವಾಹನವಿಲ್ಲ’ ಎಂಬ ಉತ್ತರ ಕೇಳಿದವರಿಗೆ ಸಿಟ್ಟು ಬರಬಹುದು, ಆದರೆ ಊರಿನ ಒಟ್ಟು ಪ್ರಯಾಣಗಳು ಕುಸಿಯದಂತೆ ಕಾಯುವುದು ಅದೇ.

ಈ ಸೂತ್ರದಲ್ಲೊಂದು ಸುಳ್ಳು ಅಡಗಿದೆ: ಟ್ಯಾಕ್ಸಿಗಳು ಊರೆಲ್ಲ ಸಮನಾಗಿ ಚೆದುರಿರುವುದಿಲ್ಲ. ಬೆಳಿಗ್ಗೆ ಎಲ್ಲವೂ ಕಚೇರಿಗಳ ಕಡೆ ಹೋಗಿ ಅಲ್ಲೇ ಗುಡ್ಡೆಯಾಗುತ್ತವೆ. ಸಿಮ್ಯುಲೇಶನ್, ಅಂದರೆ ಕಂಪ್ಯೂಟರಿನಲ್ಲಿ ನಡೆಸುವ ಅಣಕು ಪ್ರಯೋಗ, ಬೇಕಾಗುವುದು ಇಲ್ಲಿ. ಕಂಪ್ಯೂಟರಿನೊಳಗೆ ರಸ್ತೆಗಳ ಜಾಲ, ಒಂದೊಂದು ವಾಹನ, ಒಬ್ಬೊಬ್ಬ ಪ್ರಯಾಣಿಕ ಎಲ್ಲರೂ ಇರುತ್ತಾರೆ. ಮುಂದಿನ ಕರೆ ಯಾವಾಗ ಎಂದು ತೀರ್ಮಾನಿಸಲು 0 ಮತ್ತು 1ರ ನಡುವಿನ ಯಾದೃಚ್ಛಿಕ ಸಂಖ್ಯೆಯೊಂದನ್ನು ತೆಗೆದು, ಅದರ ಸ್ವಾಭಾವಿಕ ಲಾಗರಿದಮ್‌ನ ಋಣ ಚಿಹ್ನೆಯನ್ನು ಬಿಟ್ಟು ಸರಾಸರಿ ಅಂತರದಿಂದ ಗುಣಿಸುತ್ತಾರೆ. 0.5 ಬಂದರೆ ಸರಾಸರಿಯ 0.69 ಪಟ್ಟು ಹೊತ್ತಿಗೆ ಕರೆ, 0.05 ಬಂದರೆ ಮೂರು ಪಟ್ಟು ಕಾಯಬೇಕು. ಗಡಿಯಾರ ಒಂದು ಘಟನೆಯಿಂದ ಇನ್ನೊಂದಕ್ಕೆ ಜಿಗಿಯುತ್ತದೆ. ನಡುವಿನ ಸೆಕೆಂಡುಗಳನ್ನು ಎಣಿಸುವ ಗೋಜಿಲ್ಲ.

2017ರಲ್ಲಿ ಸಂಶೋಧಕ ಹಾವಿಯರ್ ಅಲೊನ್ಸೊ-ಮೋರಾ ಮತ್ತು ಸಂಗಡಿಗರು ನ್ಯೂಯಾರ್ಕಿನ ಟ್ಯಾಕ್ಸಿ ದಾಖಲೆಗಳ ಮೇಲೆ ಇಂಥ ಪ್ರಯೋಗ ನಡೆಸಿದರು. ಪ್ರಯಾಣಿಕರು ವಾಹನ ಹಂಚಿಕೊಳ್ಳಲು ಒಪ್ಪಿದರೆ ನಾಲ್ಕು ಆಸನಗಳ 3,000 ಕಾರುಗಳೇ ಶೇ 98ರಷ್ಟು ಬೇಡಿಕೆಯನ್ನು ಪೂರೈಸಬಲ್ಲವು, ಸರಾಸರಿ 2.8 ನಿಮಿಷ ಕಾದರೆ ಸಾಕು ಎಂದು ಕಂಡಿತು. ಆ ನಗರದಲ್ಲಿ ಓಡುತ್ತಿದ್ದ ಟ್ಯಾಕ್ಸಿಗಳು 13,000ಕ್ಕೂ ಹೆಚ್ಚು. ಬೆರಗಾಗುವಂಥ ಅಂಕಿ, ನಿಜ. ಆದರೆ ಟ್ಯಾಕ್ಸಿಯ ದಾಖಲೆಯಲ್ಲಿ ಇರುವುದು ಟ್ಯಾಕ್ಸಿ ಸಿಕ್ಕವರು ಮಾತ್ರ. ಮಳೆಯಲ್ಲಿ ಕೈ ಬೀಸಿ ಬೀಸಿ ಕೊನೆಗೆ ನಡೆದೇ ಹೋದವರಿಗೆ ಅದರಲ್ಲಿ ಒಂದು ಸಾಲೂ ಇಲ್ಲ. ಹಾಗಾಗಿ ಮಾದರಿ ಕಟ್ಟುವವರು ಪ್ರತಿ ಕಾಲ್ಪನಿಕ ಪ್ರಯಾಣಿಕನಿಗೂ ತಾಳ್ಮೆಯ ಇಷ್ಟು ನಿಮಿಷಗಳನ್ನು ಕೊಟ್ಟು, ಅದು ಮುಗಿದು ಹೊರಟುಹೋದವರನ್ನು ಬೇರೆಯಾಗಿ ಎಣಿಸಬೇಕಾಗುತ್ತದೆ.