ಗ್ರೀನಿಚ್‌ನ ಸೊನ್ನೆ 102 ಮೀಟರ್ ಆಚೆಗಿರುವುದೇಕೆ?

ಲಂಡನ್ನಿನ ಗ್ರೀನಿಚ್ ವೀಕ್ಷಣಾಲಯದ ಅಂಗಳದಲ್ಲಿ ನೆಲಕ್ಕೆ ಕೂರಿಸಿದ ಲೋಹದ ಪಟ್ಟಿಯೊಂದಿದೆ. ಸೊನ್ನೆ ರೇಖಾಂಶದ ಗುರುತು ಅದು. ಅದರ ಮೇಲೆ ನಿಂತು ಮೊಬೈಲಿನ ಜಿಪಿಎಸ್ ನೋಡಿದರೆ ಮಾತ್ರ ಸೊನ್ನೆ ಬರುವುದಿಲ್ಲ. ಸೊನ್ನೆ ಕಾಣಬೇಕಾದರೆ ಪೂರ್ವಕ್ಕೆ 102 ಮೀಟರ್ ನಡೆಯಬೇಕು. ಅಳತೆಯಲ್ಲಿ ಯಾರೂ ಎಡವಿಲ್ಲ. ಗುಟ್ಟಿರುವುದು ತೂಕದ ಗುಂಡಿನಲ್ಲಿ.

ಗೋಡೆ ಕಟ್ಟುವವರು ದಾರಕ್ಕೆ ಕಟ್ಟಿ ಇಳಿಬಿಡುವ ಆ ಗುಂಡು ತೋರಿಸಿದ್ದೇ ನೇರ ಎಂದು ನಾವೆಲ್ಲ ನಂಬಿದ್ದೇವೆ. ಆದರೆ ಪಕ್ಕದಲ್ಲಿ ಬೆಟ್ಟವಿದ್ದರೆ ಅದೂ ಗುಂಡನ್ನು ತನ್ನತ್ತ ಒಂದಿಷ್ಟು ಎಳೆಯುತ್ತದೆ. 1738ರಲ್ಲಿ ಫ್ರಾನ್ಸಿನ ಪಿಯೆರ್ ಬೂಗೇರ್ ಇಂದಿನ ಈಕ್ವೆಡಾರ್‌ನ ಚಿಂಬೊರಾಜೊ ಪರ್ವತದಲ್ಲಿ ಈ ಎಳೆತ ಅಳೆಯಲು ಹೊರಟರು. 1774ರಲ್ಲಿ ಇಂಗ್ಲೆಂಡಿನ ಖಗೋಳಜ್ಞ ನೆವಿಲ್ ಮಾಸ್ಕೆಲೈನ್ ಸ್ಕಾಟ್ಲೆಂಡಿನ ಶಿಹಾಲಿಯನ್ ಬೆಟ್ಟದ ಎರಡೂ ಮಗ್ಗುಲಲ್ಲಿ ನಕ್ಷತ್ರ ನೋಡಿ ಅದನ್ನು ಖಚಿತಪಡಿಸಿದರು. ಆ ಬೆಟ್ಟದ ಲೆಕ್ಕ ಹಾಕುತ್ತಾ ಗಣಿತಜ್ಞ ಚಾರ್ಲ್ಸ್ ಹಟ್ಟನ್ ಸಮ ಎತ್ತರದ ಜಾಗಗಳನ್ನು ಗೆರೆಯಿಂದ ಕೂಡಿಸಿದರು. ಶಾಲೆಯ ಭೂಪಟದಲ್ಲಿ ಕಾಣುವ ಸಮೋನ್ನತಿ ರೇಖೆಗಳ ಹಿಂದೆ ಈ ಬೆಟ್ಟವೂ ಇದೆ.

ಒಗಟು ನಿಜಕ್ಕೂ ಬಿಗಿಯಾದದ್ದು ಭಾರತದಲ್ಲಿ. 1802ರಲ್ಲಿ ವಿಲಿಯಂ ಲ್ಯಾಂಬ್ಟನ್ ಮದ್ರಾಸಿನ ಬಳಿ ಸರಪಳಿ ಹಿಡಿದು ಶುರುಮಾಡಿದ, ನೆಲವನ್ನು ತ್ರಿಕೋನಗಳಾಗಿ ಹಂಚಿ ಅಳೆಯುವ ಸರ್ವೆ, ಅವರ ನಂತರ ಬಂದ ಜಾರ್ಜ್ ಎವರೆಸ್ಟ್ ಕಾಲಕ್ಕೆ ಹಿಮಾಲಯದವರೆಗೂ ಹೋಯಿತು. ಕಲ್ಯಾಣಪುರ ಮತ್ತು ಕಲಿಯಾನ ಎಂಬ ಎರಡು ಠಾಣೆಗಳ ನಡುವಿನ ಅಕ್ಷಾಂಶದ ಅಂತರ ತ್ರಿಕೋನಗಳ ಲೆಕ್ಕದಲ್ಲಿ ಒಂದು ಬಂತು, ನಕ್ಷತ್ರಗಳ ಲೆಕ್ಕದಲ್ಲಿ ಇನ್ನೊಂದು. ನಕ್ಷತ್ರ ಅಳೆಯುವಾಗ ನೇರ ಯಾವುದೆಂದು ಹೇಳುವುದು ಗುಂಡೇ; ಅದು ವಾಲಿದರೆ ಲೆಕ್ಕವೂ ವಾಲುತ್ತದೆ. ವ್ಯತ್ಯಾಸ 5.236 ಸೆಕೆಂಡು. ಕೋನದ ಲೆಕ್ಕದಲ್ಲಿ ಒಂದು ಡಿಗ್ರಿಗೆ 3600 ಸೆಕೆಂಡು. ನೆಲದ ಮೇಲೆ ಅಕ್ಷಾಂಶದ ಒಂದು ಡಿಗ್ರಿ ಸುಮಾರು 111 ಕಿಲೋಮೀಟರ್. ಹಾಗಾಗಿ ಇದು ಸುಮಾರು 160 ಮೀಟರ್. ಹಿಮಾಲಯ ಗುಂಡನ್ನು ಎಳೆದಿದೆ ಎಂದುಕೊಂಡು ಕಲ್ಕತ್ತೆಯ ಪಾದ್ರಿ ಜಾನ್ ಪ್ರ್ಯಾಟ್ ಲೆಕ್ಕ ಹಾಕಿದರೆ ಬಂದದ್ದು 15.885 ಸೆಕೆಂಡು. ಮೂರು ಪಟ್ಟು! ಅಷ್ಟು ದೊಡ್ಡ ಪರ್ವತ ಇಷ್ಟೇ ಎಳೆದದ್ದೇಕೆ? 1855ರಲ್ಲಿ ಗ್ರೀನಿಚ್ ವೀಕ್ಷಣಾಲಯದ ಮುಖ್ಯಸ್ಥ ಜಾರ್ಜ್ ಏರಿ ಕೊಟ್ಟ ಉತ್ತರ: ನೀರಿನಲ್ಲಿ ತೇಲುವ ಮರದ ದಿಮ್ಮಿಯಂತೆ ಪರ್ವತದ ಹಗುರ ಬುಡವೂ ಆಳಕ್ಕೆ ಇಳಿದಿದೆ. ಅಲ್ಲಿ ಭಾರದ ಪದಾರ್ಥದ ಜಾಗದಲ್ಲಿ ಹಗುರದ್ದು ಇರುವುದರಿಂದ ಒಟ್ಟು ಎಳೆತ ಕಡಿಮೆ. ಸರ್ವೆಯ ಇತಿಹಾಸದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಘಟ್ಟ ಇದು.

ಗ್ರೀನಿಚ್‌ನ ಸೊನ್ನೆ ಗೆರೆಯೂ ಇದೇ ಏರಿಯದು. 1851ರಿಂದ ಕೆಲಸ ಶುರುಮಾಡಿದ ಅವರ ದೂರದರ್ಶಕದ ರೇಖೆಯನ್ನೇ 1884ರ ವಾಷಿಂಗ್ಟನ್ ಸಮ್ಮೇಳನ ಒಪ್ಪಿಕೊಂಡಿತು. ದೂರದರ್ಶಕಕ್ಕೆ ನೇರ ಯಾವುದೆಂದು ತಿಳಿಯಲು ಅಗಲವಾದ ಪಾತ್ರೆಯಲ್ಲಿ ಪಾದರಸ ಇಟ್ಟು ನೋಡುತ್ತಿದ್ದರು. ಪಾದರಸದ ಮೈ ಸಮವಾಗಿ ನಿಲ್ಲುವುದು ಆ ಜಾಗದ ಗುರುತ್ವಕ್ಕೆ ತಕ್ಕಂತೆ. ಅಂದರೆ ಅಲ್ಲೂ ನಡೆದದ್ದು ತೂಕದ ಗುಂಡಿನ ಮಾತೇ. ಉಪಗ್ರಹಗಳು ಸುತ್ತುವುದು ಇಡೀ ಭೂಮಿಯ ದ್ರವ್ಯರಾಶಿಯ ಕೇಂದ್ರವನ್ನು. ಜಿಪಿಎಸ್ ಎಣಿಕೆಗೆ ಮೂಲ ಆ ಕೇಂದ್ರ. ಎರಡು ಲೆಕ್ಕಗಳ ನಡುವೆ ಗ್ರೀನಿಚ್‌ನ ರೇಖಾಂಶದಲ್ಲಿ ಉಳಿಯುವ ಅಂತರ 5.3 ಸೆಕೆಂಡು. ಧ್ರುವದತ್ತ ಹೋದಂತೆ ರೇಖಾಂಶಗಳು ಒಂದಕ್ಕೊಂದು ಹತ್ತಿರವಾಗುವುದರಿಂದ, ನೆಲದ ಮೇಲೆ ನಡೆದರೆ ಅದು 160 ಅಲ್ಲ, 102 ಮೀಟರ್.